ಅರ್ಧಕ್ಕೆ ನಿಂತ ಅರ್ಜಿಗಳ ಲೆಕ್ಕ ಕೊಡಿ: ಪುಣೆ ಮಹಾನಗರಪಾಲಿಕೆಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ ಮತ್ತು 2026ರ ಜನವರಿಯಲ್ಲಿ ಆರಿಸಿ ಬಂದ 165 ನಗರಸೇವಕ, ನಗರಸೇವಕಿಯರಿಗೆ,

ನಮಸ್ಕಾರ.

ಈ ಪತ್ರ ಬರೆಯುತ್ತಿರುವವರು ಪುಣೆಯಲ್ಲಿ ನೆಲೆನಿಂತ ಕನ್ನಡಿಗರು. ಸೇವಾಕೇಂದ್ರದ ಕಂಪ್ಯೂಟರ್ ಮುಂದೆ ಕೂತು ಅರ್ಜಿ ತುಂಬುವವರು, ಕಟ್ಟಡ ಕಾರ್ಮಿಕರ ನೋಂದಣಿಗೆ ಓಡಾಡುವವರು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಬರೆಯುವವರು, ಎಲ್ಲರೂ ನಮ್ಮಲ್ಲಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ್ ಕಡೆಯಿಂದ ಬಂದು ಇಲ್ಲಿ ಗೌಂಡಿ ಕೆಲಸ, ಬಿಗಾರಿ ಕೆಲಸ, ಸೆಂಟ್ರಿಂಗ್, ಮನೆಗೆಲಸ ಮಾಡುವ ಜನರ ಅರ್ಜಿ ಯಾವ ಖಾನೆಯಲ್ಲಿ ಸಿಕ್ಕಿಬೀಳುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು.

ಮರಾಠಿ ನಮ್ಮ ದಿನದ ಭಾಷೆ. ಮಂಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಅದನ್ನೇ ಮಾತಾಡುತ್ತೇವೆ. ಈ ಪತ್ರದ ಮರಾಠಿ ಪ್ರತಿಯನ್ನೂ ಕಳಿಸುತ್ತಿದ್ದೇವೆ. ಆದರೂ ಕನ್ನಡದಲ್ಲಿ ಬರೆದದ್ದು, ಇದು ಯಾರ ಕಷ್ಟದ ಮಾತೋ ಅವರ ಮನೆಯಲ್ಲಿ ಮಗನೋ ಮಗಳೋ ಗಟ್ಟಿಯಾಗಿ ಓದಿ ಹೇಳಲಿ ಎಂದು. ಜತೆಗೆ, ಕುಂದುಕೊರತೆಯ ಮನವಿಯನ್ನು ದೇಶದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಎಲ್ಲರಿಗೂ ಕೊಟ್ಟಿದೆ.

ನಮ್ಮ ಮುಖ್ಯ ಬೇಡಿಕೆ ಒಂದೇ. ಆನ್‌ಲೈನಿನಲ್ಲಿ ಎಷ್ಟು ಅರ್ಜಿ ಬಂದವು, ಎಷ್ಟು ವಿಲೇವಾರಿಯಾದವು ಎಂಬ ಲೆಕ್ಕ ಪಾಲಿಕೆಯಲ್ಲಿದೆ. ತುಂಬಲು ಶುರು ಮಾಡಿ ಮುಗಿಸಲಾಗದೆ ಎದ್ದುಹೋದವರ ಲೆಕ್ಕವನ್ನೂ ಇಡಿ. ಅದನ್ನು ಪ್ರಭಾಗವಾರು (ಅಂದರೆ ವಾರ್ಡಿನ ಲೆಕ್ಕದಲ್ಲಿ), ತಿಂಗಳಿಗೊಮ್ಮೆ, ಜನರ ಕಣ್ಣಿಗೆ ಬೀಳುವಂತೆ ಪ್ರಕಟಿಸಿ.

ಇದನ್ನು ಈಗ ಕೇಳುವುದಕ್ಕೆ ಕಾರಣವಿದೆ. ಸ್ಮಾರ್ಟ್ ಸಿಟಿ ಮಿಷನ್ 2015ರ ಜೂನ್ 25ಕ್ಕೆ ಶುರುವಾಯಿತು. 2016ರ ಜನವರಿಯಲ್ಲಿ ಮೊದಲ 20 ನಗರಗಳ ಪಟ್ಟಿ ಬಂದಾಗ ಭುವನೇಶ್ವರದ ನಂತರದ ಹೆಸರೇ ಪುಣೆ. ಅದೇ ವರ್ಷದ ಜೂನ್ 25ರಂದು ಪ್ರಧಾನಿಯವರು ಬಾಲೇವಾಡಿಯಲ್ಲಿ 14 ಕೆಲಸಗಳಿಗೆ ಚಾಲನೆ ಕೊಟ್ಟರು. ಪ್ರದೇಶ ಅಭಿವೃದ್ಧಿಗೆ ಆರಿಸಿದ್ದು ಔಂಧ್, ಬಾಣೇರ್, ಬಾಲೇವಾಡಿ. ಐಟಿ ಸಂಬಳದ ಮನೆಗಳು ಆಗಲೇ ತುಂಬಿದ್ದ ಭಾಗ. ಅಲ್ಲಿ ಫುಟ್‌ಪಾತ್ ಅಗಲವಾದದ್ದು ಒಳ್ಳೆಯ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಂಬ, ಕ್ಯಾಮೆರಾ, ಕಂಟ್ರೋಲ್ ರೂಮು, ವೈಫೈ, ಆ್ಯಪ್ ಇವೆಲ್ಲ ಉಳಿದವು, ಇವುಗಳನ್ನು ಎಣಿಸಿಯೂ ಆಯಿತು. ಇವುಗಳಿಂದ ಏನೂ ಸಿಗದವರು ಯಾರು ಎಂದು ಎಣಿಸುವ ಕೆಲಸ ಮಾತ್ರ ಉಳಿದಿದೆ.

ಇನ್ನೊಂದು ಸಂಗತಿಯನ್ನೂ ಇದರ ಪಕ್ಕ ಇಟ್ಟು ನೋಡಬೇಕು. 2022ರ ಮಾರ್ಚ್‌ನಲ್ಲಿ ಹಿಂದಿನ ಸಭೆಯ ಅವಧಿ ಮುಗಿದ ಮೇಲೆ, 2026ರ ಜನವರಿ ತನಕ ಪಾಲಿಕೆಯಲ್ಲಿ ನಗರಸೇವಕರೇ ಇರಲಿಲ್ಲ. ಫೋನಿಲ್ಲದ, ಓದು ಬಾರದ ಮನುಷ್ಯ ಮೊದಲು ಹೋಗುತ್ತಿದ್ದದ್ದು ನಗರಸೇವಕರ ಕಚೇರಿಗೆ. ಅಲ್ಲಿ ಒಬ್ಬ ಹುಡುಗ ಅರ್ಜಿ ಬರೆದುಕೊಡುತ್ತಿದ್ದ, ಇನ್ನೊಬ್ಬ ವಾರ್ಡ್ ಆಫೀಸಿಗೆ ಫೋನ್ ಹಚ್ಚುತ್ತಿದ್ದ. ಆ ಬಾಗಿಲು ಮುಚ್ಚಿದ್ದ ವರ್ಷಗಳಲ್ಲೇ ಸೇವೆಗಳು ಒಂದೊಂದಾಗಿ ಕೌಂಟರಿನಿಂದ ಫೋನಿಗೆ ಸರಿದವು.

ಫೋನು ಎಲ್ಲರ ಹತ್ತಿರವೂ ಇದೆ ಎಂಬ ಮಾತು ಬಂದೇ ಬರುತ್ತದೆ. 2025ರ ಕೇಂದ್ರ ಸರ್ಕಾರದ ಟೆಲಿಕಾಂ ಸಮೀಕ್ಷೆಯ ಪ್ರಕಾರ ದೇಶದ ಶೇ. 85.5ರಷ್ಟು ಕುಟುಂಬಗಳಲ್ಲಿ ಕನಿಷ್ಠ ಒಂದು ಸ್ಮಾರ್ಟ್‌ಫೋನ್ ಇದೆ. ಆ ಲೆಕ್ಕ ಕುಟುಂಬದ್ದು, ವ್ಯಕ್ತಿಯದಲ್ಲ. ಐದು ಜನರ ಮನೆಯ ಒಂದು ಫೋನು ಬೆಳಿಗ್ಗೆ ಏಳಕ್ಕೆ ಗಂಡನ ಜೇಬಿನಲ್ಲಿ ಸೈಟಿಗೆ ಹೋಗುತ್ತದೆ, ರಾತ್ರಿ ಎಂಟಕ್ಕೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಂಗಸರು ಶೇ. 54. ಒಂದು ಸಲವಾದರೂ ಇಂಟರ್ನೆಟ್ ಬಳಸಿದವರು ಮೂವರಲ್ಲಿ ಒಬ್ಬರು.

ಲೆಕ್ಕ ಇಡುವುದು ಹೇಗೆ ಎಂದು ಹೇಳುತ್ತೇವೆ, ಏಕೆಂದರೆ ಇದಕ್ಕೆ ಹೊಸ ಟೆಂಡರ್ ಬೇಕಿಲ್ಲ. ಲಾಗಿನ್ ಒಟಿಪಿಯ ಪ್ರತಿ ಎಸ್‌ಎಂಎಸ್‌ಗೂ ಕಂಪನಿ ಬಿಲ್ ಹಾಕುತ್ತದೆ. ಕಳಿಸಿದ ಒಟಿಪಿಗಳ ಸಂಖ್ಯೆ ಆ ಬಿಲ್ಲಿನಲ್ಲಿದೆ, ಸರಿಯಾಗಿ ಟೈಪಾಗಿ ಬಂದವುಗಳ ಸಂಖ್ಯೆ ಸರ್ವರಿನಲ್ಲಿದೆ. ಎರಡರ ನಡುವಿನ ವ್ಯತ್ಯಾಸವೇ ಬಾಗಿಲಿನಿಂದ ಮರಳಿದವರ ಮೊದಲ ಲೆಕ್ಕ. ಒಬ್ಬರೇ ನಾಲ್ಕು ಸಲ ಒಟಿಪಿ ಕೇಳಿರುತ್ತಾರೆ, ಹಾಗಾಗಿ ಒಂದೇ ದಿನ ಒಂದೇ ನಂಬರಿನ ಪ್ರಯತ್ನಗಳನ್ನೆಲ್ಲ ಸೇರಿಸಿ ಒಂದು ಎಂದು ಹಿಡಿಯಿರಿ. ಆಧಾರ್ ದೃಢೀಕರಣವಾದರೆ ಪ್ರತಿ ಯತ್ನಕ್ಕೂ ಆಧಾರ್ ನಡೆಸುವ ಪ್ರಾಧಿಕಾರ ಯುಐಡಿಎಐ ಕಡೆಯಿಂದ ಉತ್ತರ ಬರುತ್ತದೆ, ಸೋತರೆ ಸಂಕೇತ ಸಂಖ್ಯೆಯೂ ಬರುತ್ತದೆ. 100 ಎಂದರೆ ಹೆಸರು ಮುಂತಾದ ವಿವರ ಹೊಂದಲಿಲ್ಲ, 300 ಎಂದರೆ ಬೆರಳಚ್ಚು ಹೊಂದಲಿಲ್ಲ, 400 ಎಂದರೆ ಒಟಿಪಿ ತಪ್ಪು. ಈ ಸಂಕೇತಗಳನ್ನು ತಿಂಗಳಿಗೊಮ್ಮೆ ಕೂಡಿಸಿದರೆ ಸಾಕು, ನಗರದ ಜನ ಎಲ್ಲಿ ಎಡವುತ್ತಿದ್ದಾರೆ ಎಂದು ಗೊತ್ತಾಗುತ್ತದೆ.

ಪ್ರಕಟಣೆಗೆ ನಾಲ್ಕು ಕಾಲಂ ಸಾಕು: ಪ್ರಭಾಗ, ಸೇವೆ, ನಿಂತ ಹೆಜ್ಜೆ, ಎಷ್ಟು ಮಂದಿ. ಹೆಸರು, ಆಧಾರ್, ಫೋನ್ ಯಾವುದೂ ಬೇಡ. ಎಣಿಕೆ ಹತ್ತಕ್ಕಿಂತ ಕಡಿಮೆಯಿದ್ದಲ್ಲಿ ‘ಹತ್ತಕ್ಕಿಂತ ಕಡಿಮೆ’ ಎಂದಷ್ಟೇ ಬರೆಯಿರಿ, ಯಾರ ಗುರುತೂ ಹೊರಬೀಳದು. ಇಲ್ಲೊಂದು ತೊಡಕಿದೆ. ವಿಳಾಸದ ಪುಟ ಬರುವ ಮೊದಲೇ ನಿಂತವರ ಪ್ರಭಾಗ ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೆ ಮೊದಲ ಪುಟದಲ್ಲಿ, ಒಟಿಪಿಗೂ ಮುಂಚೆ, ಪ್ರಭಾಗ ಆರಿಸುವ ಖಾನೆ ಇಡಿಸಿ. ಪ್ರೋಗ್ರಾಮರ್‌ಗೆ ಇದು ಒಂದು ದಿನದ ಕೆಲಸ.

ಅರ್ಜಿ ನಿಲ್ಲುವ ಜಾಗಗಳಲ್ಲಿ ಮೊದಲನೆಯದು ಮೊಬೈಲ್ ನಂಬರು. ಕೂಲಿಗೆ ಬಂದವರು ಬಿತ್ತನೆಗೆ, ಯುಗಾದಿಗೆ, ಊರ ಜಾತ್ರೆಗೆ ಹೋಗಿ ಎರಡು ಮೂರು ತಿಂಗಳು ಅಲ್ಲೇ ನಿಲ್ಲುತ್ತಾರೆ. ಪುಣೆಯ ಸಿಮ್‌ಗೆ ರೀಚಾರ್ಜ್ ಇರುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಿಯಮದಂತೆ 90 ದಿನ ಬಳಸದ ಪ್ರೀಪೇಯ್ಡ್ ಸಿಮ್ ಬಂದ್ ಆಗಬಹುದು, ಆಮೇಲೆ ಆ ನಂಬರು ಬೇರೆ ಗಿರಾಕಿಗೆ ಹೋಗುತ್ತದೆ. ಆಧಾರ್‌ನಲ್ಲಿ ಮಾತ್ರ ಅದೇ ಹಳೆ ನಂಬರು. ಇವರು ವಾರ್ಡ್ ಆಫೀಸಿನ ಬಾಗಿಲಲ್ಲಿ ಒಟಿಪಿಗೆ ಕಾಯುತ್ತಿರುತ್ತಾರೆ, ಅದು ಯಾರೋ ಅಪರಿಚಿತರ ಫೋನಿನಲ್ಲಿ ಟಿಂಗ್ ಎನ್ನುತ್ತದೆ, ಹತ್ತು ನಿಮಿಷಕ್ಕೆ ಅವಧಿ ಮುಗಿಯುತ್ತದೆ. ಇನ್ನೂ ಹಳೆಯ ಸಂಗತಿಯೆಂದರೆ ಕೂಲಿ ತಂಡದ ಮೇಸ್ತ್ರಿ, ಅಂದರೆ ಮುಕಾದಮನ ನಂಬರು. ಶಿಬಿರದಲ್ಲಿ ಆಧಾರ್ ಮಾಡಿಸುವಾಗ ತಂಡದ ಇಪ್ಪತ್ತು ಜನಕ್ಕೂ ಅವನ ಒಂದೇ ನಂಬರು ಕೊಟ್ಟಿರುತ್ತಾರೆ. ಅವನು ಈಗ ನಾಶಿಕ್‌ನಲ್ಲೋ ಸೂರತ್‌ನಲ್ಲೋ ಇರುತ್ತಾನೆ.

ನಂಬರು ಬದಲಿಸಲು ಬೇರೆ ದಾಖಲೆ ಬೇಕಾಗಿಲ್ಲ. ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ಆಯಿತು, ಶುಲ್ಕ 2025ರ ಅಕ್ಟೋಬರ್‌ನಿಂದ 75 ರೂಪಾಯಿ. ಅಂಚೆ ಪಾವತಿ ಬ್ಯಾಂಕಿನ ಮೂಲಕ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವೂ 2021ರಿಂದ ಇದೆ. ಆದರೆ ಕೇಂದ್ರ ತೆರೆದಿರುವ ಹೊತ್ತೇ ಕೂಲಿಯ ಹೊತ್ತು. 75 ರೂಪಾಯಿಯ ಜತೆಗೆ ಒಂದು ದಿನದ ಪಗಾರವೂ ಹೋಗುತ್ತದೆ, ಅದಕ್ಕೇ ಜನ ಮುಂದೂಡುತ್ತಾರೆ.

ಎರಡನೆಯದು ಹೆಸರು. ಅತಿ ಹೆಚ್ಚು ಅರ್ಜಿ ಸಾಯುವುದು ಇಲ್ಲಿ, ಅತಿ ಕಡಿಮೆ ಚರ್ಚೆಯಾಗುವುದೂ ಇದೇ. ಮಹಾರಾಷ್ಟ್ರದ ಎಷ್ಟೋ ಅರ್ಜಿಗಳಲ್ಲಿ ಹೆಸರಿಗೆ ಮೂರು ಖಾನೆ: ಪಹಿಲೇ ನಾವ್ (ಮೊದಲ ಹೆಸರು), ಮಧಲೇ ನಾವ್ (ನಡುವಿನ ಹೆಸರು), ಆಡನಾವ್ (ಅಡ್ಡಹೆಸರು). ಮೂರರ ಮುಂದೆಯೂ ಕೆಂಪು ನಕ್ಷತ್ರ, ಖಾಲಿ ಬಿಡುವಂತಿಲ್ಲ. ನಮ್ಮ ಕಡೆ ಹೊನ್ನವ್ವ ಎಂದರೆ ಹೊನ್ನವ್ವ ಅಷ್ಟೇ. ಕಾಗದದಲ್ಲಿ ‘ಹೊನ್ನವ್ವ ಗಂಡ ಮಲ್ಲಪ್ಪ’ ಎಂದು ಬರೆಯುತ್ತಾರೆ, ಅಡ್ಡಹೆಸರು ಎಂಬುದು ಎಷ್ಟೋ ಮನೆಗಳಲ್ಲಿ ಇಲ್ಲವೇ ಇಲ್ಲ. ಸೇವಾಕೇಂದ್ರದ ಹುಡುಗ ಏನು ಮಾಡಬೇಕು? ಒಬ್ಬ ಆಡನಾವ್ ಖಾನೆಯಲ್ಲಿ ಒಂದು ಚುಕ್ಕಿ ಇಡುತ್ತಾನೆ. ಇನ್ನೊಬ್ಬ ಗಂಡನ ಹೆಸರನ್ನೇ ಎರಡನೇ ಸಲ ಹಾಕುತ್ತಾನೆ. ಮತ್ತೊಬ್ಬ ಜಾತಿಯನ್ನು ಕೇಳಿ ಅದನ್ನೇ ಅಡ್ಡಹೆಸರು ಮಾಡುತ್ತಾನೆ. ಊರಲ್ಲಿ ಯಾರೂ ಕರೆಯದ ಆ ಹೆಸರು ಆ ಹೆಂಗಸಿಗೆ ಜೀವನಪೂರ್ತಿ ಅಂಟುತ್ತದೆ. ಒಂದೇ ಹೆಂಗಸು ಮೂರು ಕಾಗದದಲ್ಲಿ ಮೂವರಾಗುತ್ತಾಳೆ, ಬ್ಯಾಂಕು ಮೂವರನ್ನೂ ಒಪ್ಪುವುದಿಲ್ಲ.

ಅದರ ಮೇಲೆ ಸ್ಪೆಲ್ಲಿಂಗು. ಕನ್ನಡದ ‘ವ್ವ’ ಇಂಗ್ಲಿಷಿಗೆ ಹೋಗುವಾಗ ಒಬ್ಬರು ವಿ ಎರಡು ಹಾಕುತ್ತಾರೆ, ಇನ್ನೊಬ್ಬರು ಡಬ್ಲ್ಯು ಎರಡು. ಬಸವರಾಜನಲ್ಲೂ ಅದೇ ಕಥೆ. ಶ ಇದ್ದಲ್ಲಿ ಎಚ್ ಇರುತ್ತದೆ ಅಥವಾ ಇರುವುದಿಲ್ಲ, ದೀರ್ಘ ಈ ಬಂದಲ್ಲಿ ಇ ಎರಡೋ ಐ ಒಂದೋ ಗೊತ್ತಾಗುವುದಿಲ್ಲ. ಆಮೇಲೆ ಆ ಇಂಗ್ಲಿಷನ್ನು ಪೋರ್ಟಲ್ ತಾನೇ ದೇವನಾಗರಿಗೆ ತಿರುಗಿಸಿ ಇನ್ನೊಂದು ರೂಪ ಮಾಡುತ್ತದೆ. ಆಧಾರ್ ಕಾರ್ಡಿನಲ್ಲಿರುವ ಕನ್ನಡ ಹೆಸರು ಪರಿಶೀಲಿಸುವ ಗುಮಾಸ್ತರಿಗೆ ಓದಲು ಬರುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಆಡನಾವ್ ಖಾನೆಯ ಮುಂದಿನ ನಕ್ಷತ್ರ ತೆಗೆಯಿರಿ. ‘ಆಧಾರ್‌ನಲ್ಲಿ ಇರುವಂತೆ ಪೂರ್ತಿ ಹೆಸರು’ ಎಂಬ ಒಂದೇ ಉದ್ದ ಖಾನೆಯನ್ನು ಮೂಲವೆಂದು ಹಿಡಿಯಿರಿ. ವಿ-ಡಬ್ಲ್ಯು, ಒಂದಕ್ಷರ-ಎರಡಕ್ಷರ, ಅವ್ವ-ಅಮ್ಮ, ಇಂಥ ವ್ಯತ್ಯಾಸ ಮಾತ್ರ ಇದ್ದರೆ ಕಂಪ್ಯೂಟರ್ ತಿರಸ್ಕರಿಸದೆ ಅರ್ಜಿಯನ್ನು ಒಬ್ಬ ಮನುಷ್ಯನ ಮುಂದೆ ಇಡಲಿ. ಆ ಮನುಷ್ಯ ಫೋಟೊ ನೋಡಿ, ಎರಡು ಪ್ರಶ್ನೆ ಕೇಳಿ ತೀರ್ಮಾನಿಸಲಿ. ಇಂಥ ವ್ಯತ್ಯಾಸಗಳ ಪಟ್ಟಿಯನ್ನು ನಾವೇ ಮಾಡಿ ಈ ಪತ್ರದ ಜತೆ ಇಟ್ಟಿದ್ದೇವೆ. ತೆಲುಗು, ತಮಿಳು, ಉರ್ದು ಹೆಸರುಗಳಿಗೂ ಇದೇ ತೊಂದರೆ, ಆ ಭಾಷೆಯವರು ತಮ್ಮ ಪಟ್ಟಿ ಕೊಟ್ಟಾರು.

ಮೂರನೆಯದು ಬೆರಳು. ಸಿಮೆಂಟಿನ ಸುಣ್ಣದ ಖಾರಕ್ಕೆ ಬೆರಳ ತುದಿಯ ಗೆರೆ ಸವೆಯುತ್ತವೆ. ದಿನಕ್ಕೆ ಐದಾರು ಮನೆಯ ಪಾತ್ರೆ ತಿಕ್ಕುವ ಹೆಂಗಸರದ್ದೂ ಹಾಗೆಯೇ. ಡಿಸೆಂಬರ್, ಜನವರಿಯ ಒಣಹವೆಯಲ್ಲಿ ಇದು ಇನ್ನೂ ಹೆಚ್ಚು. ಹೆಬ್ಬೆರಳನ್ನೇ ಹತ್ತು ಸಲ ಒತ್ತಿಸುವುದರಿಂದ ಪ್ರಯೋಜನವಿಲ್ಲ. ಕೈ ಬೆಚ್ಚಗಿನ ನೀರಲ್ಲಿ ತೊಳೆಸಿ, ಒರೆಸಿ, ಒಂದು ತೊಟ್ಟು ಗ್ಲಿಸರಿನ್ ಸವರಿ ಮತ್ತೆ ಒರೆಸಿ, ಬೆರಳನ್ನು ಚುಚ್ಚಿದಂತಲ್ಲ, ಚಪ್ಪಟೆಯಾಗಿ ಇಡಿಸಬೇಕು. ಉಂಗುರ ಬೆರಳು ಕಡಿಮೆ ಸವೆದಿರುತ್ತದೆ, ಅದನ್ನೂ ನೋಡಬೇಕು. ಯಂತ್ರದ ಗಾಜು ಒರೆಸಿರಬೇಕು, ಮೇಲೆ ಬಿಸಿಲು ಬೀಳಬಾರದು. ಮೂರು ಬೆರಳು ಸೋತರೆ ಕಣ್ಣಿನ ಯಂತ್ರ, ಅದೂ ಸೋತರೆ ಕಾಗದ. ಬಹಳ ಕಡೆ ಮೂರನೇ ಹೆಜ್ಜೆಯೇ ಇಲ್ಲ, ‘ನಾಳೆ ಬಾ’ ಎನ್ನುತ್ತಾರೆ. ನಾಳೆಯೂ ಬೆರಳು ಅದೇ ಇರುತ್ತದೆ.

ಫೋಟೊದ್ದು ಚಿಕ್ಕ ಸಂಗತಿ, ಆದರೆ ಹೇಳಲೇಬೇಕು. ರಾಜ್ಯದ ಆಪಲೇ ಸರಕಾರ್ ಪೋರ್ಟಲ್‌ನಲ್ಲಿ ಅರ್ಜಿದಾರರ ಫೋಟೊ 160 ಪಿಕ್ಸೆಲ್ ಅಗಲ, 5ರಿಂದ 20 ಕೆಬಿ ಒಳಗೆ ಇರಬೇಕು. ಫೋನಿನಲ್ಲಿ ತೆಗೆದ ಫೋಟೊ ಮೂರು ನಾಲ್ಕು ಸಾವಿರ ಕೆಬಿ. ಅದನ್ನು ಕಿರಿದು ಮಾಡುವುದು ಹೇಗೆಂದು ಗೊತ್ತಿಲ್ಲದವರು ಇದೊಂದಕ್ಕೇ ಅಂಗಡಿಗೆ ದುಡ್ಡು ಕೊಡುತ್ತಾರೆ. ಅಪ್‌ಲೋಡ್ ಆದ ಮೇಲೆ ಸರ್ವರೇ ಅದನ್ನು ಕಿರಿದು ಮಾಡಿಕೊಳ್ಳಬಹುದು, ಆ ತಂತ್ರ ಹಳೆಯದು.

ಹಣ ಬರುವ ಯೋಜನೆಗಳಲ್ಲಿ ಇನ್ನೊಂದು ಗಂಟು. ಒಬ್ಬರಿಗೆ ಊರಿನ ಗ್ರಾಮೀಣ ಬ್ಯಾಂಕಿನಲ್ಲಿ ಒಂದು ಖಾತೆ, ಪುಣೆಯಲ್ಲಿ ಒಂದು ಖಾತೆ. ಆಧಾರ್ ಆಧಾರಿತ ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಕೊನೆಯಲ್ಲಿ ಆಧಾರ್ ಜೋಡಿಸಿದ ಖಾತೆಗೆ. ‘ಹಣ ಬಂದಿಲ್ಲ’ ಎಂದು ಇಲ್ಲಿ ಅಲೆದವರ ಹಣ ಊರಿನ ಖಾತೆಯಲ್ಲಿ ಬಿದ್ದಿರುವುದು ಸಾಮಾನ್ಯ. ನಿಮ್ಮ ಗುಮಾಸ್ತರು ಈ ಒಂದು ಮಾತನ್ನು ಹೇಳಿದರೆ ಎಷ್ಟೋ ಓಡಾಟ ಉಳಿಯುತ್ತದೆ.

ಈ ಅರ್ಜಿಗಳಲ್ಲಿ ಎಲ್ಲವೂ ಪಾಲಿಕೆಯವಲ್ಲ ಎಂಬುದು ನಮಗೆ ಗೊತ್ತು. ಪಾಲಿಕೆಯವೂ ಕಡಿಮೆಯೇನಿಲ್ಲ. ಜನನ ಪ್ರಮಾಣಪತ್ರ, ಆಸ್ಪತ್ರೆ ಖರ್ಚಿಗೆ ಶಹರಿ ಗರೀಬ್ ಯೋಜನೆ, 10ನೇ ತರಗತಿ ಪಾಸಾದವರಿಗೆ 15,000, 12ನೇ ತರಗತಿಯವರಿಗೆ 25,000 ರೂಪಾಯಿ ವರೆಗಿನ ವಿದ್ಯಾರ್ಥಿ ಸಹಾಯ ಇವೆಲ್ಲ ನಿಮ್ಮವೇ. ಬಿಗಾರಿಯ ಮಗಳು ಒಳ್ಳೆಯ ಅಂಕ ತೆಗೆದು, ತಂದೆಯ ಹೆಸರಿನ ಒಂದು ಅಕ್ಷರಕ್ಕೆ ಆ ಹಣ ಕಳೆದುಕೊಂಡರೆ ಅದು ಅವಳ ಕಾಲೇಜನ್ನೇ ಕಳೆಯುತ್ತದೆ.

ರಾಜ್ಯದ ಒಂದು ಯೋಜನೆಯಿಂದ ಕಲಿಯುವ ಪಾಠವೂ ಇದೆ. ತಿಂಗಳಿಗೆ 1,500 ರೂಪಾಯಿಯ ಲಾಡಕಿ ಬಹೀಣ್ ಯೋಜನೆಗೆ 2025ರಲ್ಲಿ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ಪರಿಶೀಲನೆ ಬಂದಾಗ, ಹೆಂಗಸಿನ ಒಟಿಪಿಯ ಜತೆ ಗಂಡನ ಅಥವಾ ತಂದೆಯ ಆಧಾರ್ ಒಟಿಪಿಯೂ ಬೇಕೆಂದಾಯಿತು. ಗಂಡ ತೀರಿಕೊಂಡವರು, ಬಿಟ್ಟುಹೋದವರು ಏನು ಮಾಡಬೇಕೆಂಬುದಕ್ಕೆ ಮೊದಲು ಉತ್ತರವಿರಲಿಲ್ಲ. ಕೂಗು ಎದ್ದ ಮೇಲೆ ಅಂಥವರು ಅಂಗನವಾಡಿ ಕಾರ್ಯಕರ್ತೆಯ ಕೈಗೆ ಕಾಗದ ಕೊಡಬಹುದು ಎಂದಾಯಿತು, ಗಡುವು ಡಿಸೆಂಬರ್ 31ಕ್ಕೆ ಹೋಯಿತು. ಕಾಗದದ ಆ ದಾರಿಯನ್ನು ಮೊದಲ ದಿನವೇ ಇಡಬಹುದಿತ್ತು.

ದೂರಿನ ಆ್ಯಪ್ ಬಗ್ಗೆ ಒಂದು ಎಚ್ಚರಿಕೆ. ಗುಂಡಿ, ಕಸ, ಚರಂಡಿಯ ದೂರುಗಳನ್ನು ನಕ್ಷೆಯ ಮೇಲೆ ಹಾಕಿ, ಕೆಂಪು ಹೆಚ್ಚಿದ್ದಲ್ಲಿ ಮೊದಲು ಕೆಲಸ ಮಾಡುವ ಪದ್ಧತಿ ನೋಡಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಆ ನಕ್ಷೆ ಗುಂಡಿಗಳದ್ದಲ್ಲ, ಫೋಟೊ ತೆಗೆದು ಲೊಕೇಶನ್ ಹಾಕಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಬಲ್ಲವರದ್ದು. ನಲ್ಲಿಯಲ್ಲಿ ಕೆಂಪು ನೀರು ಬಂದರೂ ಒಂದೂ ದೂರು ಹಾಕದ ಬಸ್ತಿ ಆ ನಕ್ಷೆಯಲ್ಲಿ ಹಸಿರಾಗಿ ಕಾಣುತ್ತದೆ. ಸಾವಿರ ಜನರಿಗೆ ಎಷ್ಟು ದೂರು ಎಂದು ಪ್ರಭಾಗವಾರು ತೆಗೆಯಿರಿ. ಅತಿ ಕಡಿಮೆ ಇರುವ ಹತ್ತು ಜಾಗಗಳಿಗೆ ವಾರಕ್ಕೊಮ್ಮೆ ಆರೋಗ್ಯ ನಿರೀಕ್ಷಕರು ವಹಿ ಹಿಡಿದು ನಡೆದುಹೋಗಲಿ, ಅವರು ಬರೆದುಕೊಂಡದ್ದು ಅದೇ ಆ್ಯಪಿಗೆ ಸೇರಲಿ. ಸಾರ್ವಜನಿಕ ವೈಫೈಯ ಕಥೆಯೂ ಹತ್ತಿರದ್ದೇ. ಅದಕ್ಕೆ ಸೇರಲು ಫೋನಿಗೆ ಒಟಿಪಿ ಬರಬೇಕು. ರೀಚಾರ್ಜ್ ಮುಗಿದ ಸಿಮ್‌ಗೆ ಎಸ್‌ಎಂಎಸ್ ಬರುವುದಿಲ್ಲ. ಡೇಟಾ ಕೊಳ್ಳಲಾಗದವರಿಗೆಂದು ಇಟ್ಟ ವೈಫೈ ರೀಚಾರ್ಜ್ ಮಾಡಿಸಿದವರಿಗೇ ತೆರೆದುಕೊಳ್ಳುತ್ತದೆ.

ಈಗ ನಾವು ಕೇಳುವ ಕೌಂಟರ್. ನಿಮ್ಮ 15 ಕ್ಷೇತ್ರೀಯ ಕಚೇರಿಗಳಲ್ಲಿ ನಾಗರಿಕ ಸೌಲಭ್ಯ ಕೇಂದ್ರಗಳು ಇವೆ. ಪ್ರತಿಯೊಂದರಲ್ಲಿ ಒಂದು ಕಿಟಕಿಯನ್ನು ಮೀಸಲಿಡಿ, ಎರಡು ಜನ ಕೂಡಲಿ, ಒಟ್ಟು ಮೂವತ್ತು ಜನ. ಒಂದು ಕಂಪ್ಯೂಟರ್, ಎರಡೂ ಬದಿ ಸ್ಕ್ಯಾನ್ ಮಾಡುವ ಯಂತ್ರ, ಪ್ರಿಂಟರ್, ಎಲ್‌1 ದರ್ಜೆಯ (ಹೆಚ್ಚು ಸುರಕ್ಷತೆಯ) ಬೆರಳಚ್ಚು ಯಂತ್ರ, ಒಂದು ಕಣ್ಣಿನ ಯಂತ್ರ, ಅರ್ಧ ಗಂಟೆ ತಡೆಯುವ ಯುಪಿಎಸ್, ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರುವ ಡಾಂಗಲ್. ನೀರಿನ ತಂಬಿಗೆ, ಒಣ ಟವೆಲ್, ಗ್ಲಿಸರಿನ್ ಬಾಟಲಿ ಮರೆಯಬೇಡಿ. ಮುಖ್ಯವಾಗಿ ಒಂದು ದಪ್ಪ ರಿಜಿಸ್ಟರ್. ಯಂತ್ರ ಒಪ್ಪದವರ ಹೆಸರು, ದಿನಾಂಕ, ಸೇವೆ, ಯಾವ ಹೆಜ್ಜೆಯಲ್ಲಿ ಸೋತಿತು, ಯಾವ ಕಾಗದ ನೋಡಿ ಅರ್ಜಿ ತೆಗೆದುಕೊಂಡಿರಿ ಎಂದು ಬರೆದು, ಅರ್ಜಿದಾರರಿಗೆ ನಂಬರ್ ಹಾಕಿದ ಚೀಟಿ ಕೊಡಬೇಕು. ಚೀಟಿ ಕೊಡದೆ ಯಾರನ್ನೂ ಮರಳಿ ಕಳಿಸಬಾರದು.

ಸಮಯದ ಬಗ್ಗೆಯೂ ಹೇಳಬೇಕು. ಮಜೂರ್ ಅಡ್ಡಾಗಳಲ್ಲಿ ಜನ ಬೆಳಿಗ್ಗೆ ಏಳರಿಂದ ಹತ್ತರ ತನಕ ಕೆಲಸಕ್ಕೆ ಕಾಯುತ್ತಾರೆ. ಆ ಹೊತ್ತಿನಲ್ಲಿ ಯಾರೂ ನಿಮ್ಮ ಟೇಬಲ್ಲಿಗೆ ಬರುವುದಿಲ್ಲ, ಕೆಲಸ ತಪ್ಪುವ ಹೆದರಿಕೆ. ಹತ್ತೂವರೆ ಆಯಿತೆಂದರೆ ಅಂದು ಕೆಲಸ ಸಿಗದವರು ಉಳಿದಿರುತ್ತಾರೆ. ಸಂಚಾರಿ ಶಿಬಿರ ಆಗ ಬರಲಿ. ಮನೆಗೆಲಸದವರಿಗೆ ಮಧ್ಯಾಹ್ನ ಎರಡರಿಂದ ನಾಲ್ಕು ಅನುಕೂಲ, ಸೈಟಿನವರಿಗೆ ಭಾನುವಾರ. ಗುರುವಾರ ಬೇಡ. ದುರಸ್ತಿಗೆಂದು ಕರೆಂಟು ತೆಗೆಯುವುದೂ ನೀರು ನಿಲ್ಲಿಸುವುದೂ ಹೆಚ್ಚಾಗಿ ಅಂದೇ. ಯಂತ್ರವೂ ನಡೆಯುವುದಿಲ್ಲ, ನೀರು ತುಂಬಿಸಿಡುವ ಚಿಂತೆಯಲ್ಲಿ ಹೆಂಗಸರೂ ಬರುವುದಿಲ್ಲ.

ಭಾಷೆಯ ಮಾತು. ಪ್ರತಿ ಕಿಟಕಿಯಲ್ಲೂ ಕನ್ನಡ ಬಲ್ಲವರನ್ನು ಕೂರಿಸಿ ಎಂದು ಕೇಳುತ್ತಿಲ್ಲ. ನಮ್ಮ ಹಿರಿಯರಲ್ಲಿ ಬಹಳ ಮಂದಿ ಮರಾಠಿ, ಹಿಂದಿ ಮಾತಾಡಬಲ್ಲರು, ಓದಲಾರರು. ಅವರಿಗೆ ಬೇಕಾದದ್ದು ಧ್ವನಿ. ಯುಐಡಿಎಐಯ 1947 ಸಹಾಯವಾಣಿ ಈಗಲೇ ಕನ್ನಡದಲ್ಲಿ ಉತ್ತರಿಸುತ್ತದೆ. ಮಾತನ್ನು ಬರಹವಾಗಿ, ಬರಹವನ್ನು ಮಾತಾಗಿ ತಿರುಗಿಸುವ ಭಾಷಿಣಿ ಎಂಬ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಕೊಟ್ಟಿದೆ, ಅದರಲ್ಲಿ ಕನ್ನಡವಿದೆ. ಪಕ್ಕದ ಮುಂಬಯಿ ಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ನಿಮ್ಮ ಅರ್ಜಿಯ ಪ್ರತಿ ಖಾನೆಯ ಪಕ್ಕ ಒಂದು ಸ್ಪೀಕರ್ ಚಿಹ್ನೆ, ಒತ್ತಿದರೆ ಆ ಖಾನೆಯ ಅರ್ಥ ಐದಾರು ಭಾಷೆಗಳಲ್ಲಿ ಕೇಳಿಸಲಿ. ಕೀಪ್ಯಾಡ್ ಫೋನಿನವರಿಗೆ ಮಿಸ್ಡ್ ಕಾಲ್ ಕೊಟ್ಟರೆ ಮರಳಿ ಕರೆ ಬಂದು ಅರ್ಜಿಯ ಸ್ಥಿತಿ ಹೇಳಲಿ.

ಇದಾವುದೂ ದಾನವಲ್ಲ. ಆಧಾರ್ ಹೊಂದಲಿಲ್ಲವೆಂದು ಅರ್ಹರಿಗೆ ಸೌಲಭ್ಯ ನಿಲ್ಲಿಸಬಾರದು, ಬೇರೆ ದಾರಿಯಿಂದ ಗುರುತಿಸಿ ಕೊಡಬೇಕು, ಅದನ್ನು ದಾಖಲಿಸಬೇಕು ಎಂದು ಯುಐಡಿಎಐ 2017ರ ಅಕ್ಟೋಬರ್ 24ರ ಸುತ್ತೋಲೆಯಲ್ಲೇ ಹೇಳಿದೆ. ಆಧಾರ್ ಕಾಯ್ದೆಯ ಮಿತಿ ಗುರುತಿಸಿದ 2018ರ ಸುಪ್ರೀಂ ಕೋರ್ಟ್ ತೀರ್ಪು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಬಂದದ್ದು. 2025ರ ಏಪ್ರಿಲ್ 30ರಂದು, ಕೆವೈಸಿಗೆ ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿಯ ಸಂತ್ರಸ್ತರು ಮತ್ತು ದೃಷ್ಟಿ ಇಲ್ಲದವರ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಎಟಕುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಅದೇ ಕೋರ್ಟ್ ಹೇಳಿತು. ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕು ಕಾಯ್ದೆಯಂತೆ ಅರ್ಜಿಗೆ ಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು, ಗಡುವಿನೊಳಗೆ ಸೇವೆ ಕೊಡಬೇಕು. ಕಾರಣವಿಲ್ಲದೆ ತಪ್ಪಿಸಿದ ಅಧಿಕಾರಿಗೆ 500ರಿಂದ 5,000 ರೂಪಾಯಿ ದಂಡವಿದೆ. ಆದರೆ ಈ ಕಾಯ್ದೆಯ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸಲ್ಲಿಕೆಯಾದ ಮೇಲೆ. ಒಟಿಪಿಯಲ್ಲೇ ನಿಂತವನ ಅರ್ಜಿ ಕಾನೂನಿನ ಕಣ್ಣಿಗೆ ಹುಟ್ಟೇ ಇಲ್ಲ, ಅವನು ಮೇಲ್ಮನವಿಯನ್ನೂ ಹಾಕಲಾರ. ಅರ್ಧಕ್ಕೆ ನಿಂತವರ ಲೆಕ್ಕ ಕೊಡಿ, ಚೀಟಿ ಕೊಡಿ ಎಂದು ನಾವು ಒತ್ತಿ ಕೇಳುವುದು ಇದಕ್ಕಾಗಿ.

ಈ ಪತ್ರ ಓದುತ್ತಿರುವ, ಕೇಳುತ್ತಿರುವ ನಮ್ಮ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೂ ಕೆಲವು ಮಾತು. ಆಧಾರ್‌ಗೆ ಮುಕಾದಮನ ನಂಬರು, ಅಂಗಡಿಯವನ ನಂಬರು ಕೊಡಬೇಡಿ. ಊರಿಗೆ ಹೋಗುವಾಗ ಸಿಮ್‌ನಲ್ಲಿ ಕನಿಷ್ಠ 20 ರೂಪಾಯಿ ಬ್ಯಾಲೆನ್ಸ್ ಇರಲಿ. 90 ದಿನ ಬಳಸದಿದ್ದರೂ ಆ 20 ಕಡಿತವಾಗಿ ಇನ್ನೂ 30 ದಿನ ನಂಬರು ಉಳಿಯುತ್ತದೆ. ಆಧಾರ್‌ನಲ್ಲಿರುವ ಇಂಗ್ಲಿಷ್ ಸ್ಪೆಲ್ಲಿಂಗನ್ನು ಒಂದು ಚೀಟಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ, ಎಲ್ಲೇ ಹೆಸರು ಕೇಳಿದರೂ ಬಾಯಲ್ಲಿ ಹೇಳಬೇಡಿ, ಚೀಟಿ ತೋರಿಸಿ. ಕರ್ನಾಟಕದ ರೇಷನ್ ಕಾರ್ಡಿಗೆ ಆಧಾರ್ ಜೋಡಿಸಿದ್ದರೆ ಕೇಂದ್ರದ ಪಾಲಿನ ಧಾನ್ಯ ಪುಣೆಯ ಅಂಗಡಿಯಲ್ಲೂ ಸಿಗಬೇಕು. ಕುಟುಂಬದ ಪಾಲಿನಲ್ಲಿ ಒಂದಷ್ಟು ಇಲ್ಲಿ, ಉಳಿದದ್ದು ಊರಲ್ಲಿ ತೆಗೆದುಕೊಳ್ಳಬಹುದು. ಇಲ್ಲವೆಂದರೆ ರೇಷನ್ ಸಹಾಯವಾಣಿ 14445ಕ್ಕೆ ಕರೆ ಮಾಡಿ. ಕಟ್ಟಡ ಕೆಲಸದವರು 90 ದಿನ ದುಡಿದ ಸರ್ಟಿಫಿಕೇಟನ್ನು ಸೈಟು ಬಿಡುವ ಮುಂಚೆಯೇ ಗುತ್ತಿಗೆದಾರರಿಂದ ಬರೆಸಿಕೊಳ್ಳಿ, ಆಮೇಲೆ ಅವರು ಸಿಗುವುದಿಲ್ಲ. ಫೋನ್ ಬೇರೆಯವರ ಕೈಗೆ ಕೊಟ್ಟು ಯುಪಿಐ ಪಿನ್ ಹೇಳಬೇಡಿ. ಶುಲ್ಕ ಕಟ್ಟಿದಾಗ ಹಣ ಹೋಗಿ ರಸೀದಿ ಬರದಿದ್ದರೆ ಗಾಬರಿಯಾಗಿ ಎರಡನೇ ಸಲ ಕಟ್ಟಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ಐದು ದಿನದೊಳಗೆ ಹಣ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಬಹುದು. ‘ನಾಳೆ ಬಾ’ ಎಂದರೆ ಅದನ್ನೇ ಬರೆದುಕೊಡಿ ಎಂದು ಮರ್ಯಾದೆಯಿಂದ ಕೇಳಿ.

ಮಾನ್ಯರೇ, ಮೊದಲ ಮೂರು ತಿಂಗಳು 15 ಕಚೇರಿಗಳಲ್ಲೂ ಆಗದಿದ್ದರೆ ಎರಡರಲ್ಲಿ ಶುರು ಮಾಡಿ: ವಾರ್ಜೆ-ಕರ್ವೇನಗರ ಮತ್ತು ಯೇರವಡಾ. ಹೆಸರಿನ ಸ್ಪೆಲ್ಲಿಂಗ್ ಪಟ್ಟಿ, ಮೂರು ಹೆಜ್ಜೆಯ ಬೆರಳಚ್ಚು ಸೂಚನೆ, ರಿಜಿಸ್ಟರಿನ ಮಾದರಿ ಪುಟ ಮೂರನ್ನೂ ಈ ಪತ್ರದ ಜತೆ ಲಗತ್ತಿಸಿದ್ದೇವೆ. ಕನ್ನಡ ಧ್ವನಿಯ ಮುದ್ರಣಕ್ಕೆ ನಮ್ಮಲ್ಲೇ ಜನರಿದ್ದಾರೆ, ಹಣ ಬೇಡ. ಯಾವ ಭಾನುವಾರ, ಯಾವ ಅಡ್ಡಾದ ಹತ್ತಿರ ಎಂದು ತಿಳಿಸಿ, ಟೇಬಲ್ ಎರಡು ನಾವೇ ತರುತ್ತೇವೆ.

ಇಂತಿ,
ಪುಣೆಯ ಕನ್ನಡಿಗರು